ನಮ್ಮ ಪೇಟಿ ಮಾಸ್ತರರ ಬಗ್ಗೆ ವಿಕಿಪೀಡಿಯದಲ್ಲಿ ಲೇಖನ ಹಾಕಬಹುದೇ?

ಬಿಳಿ ಐದು (ಹುಬ್ಬಳ್ಳಿ) ಬರೆದದ್ದು:

ಎಲ್ಲರಿಗೂ ನಮಸ್ಕಾರ್ರೀ.

ನಮ್ಮ ಗುರುಗಳ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಲೇಖನ ಆಗಬೇಕು ಅಂತ ಮೂರು ತಿಂಗಳಿಂದ ಬರೀತಾ ಇದ್ದೇನೆ. ಇನ್ನೂ ಪ್ರಕಟಿಸಿಲ್ಲ, ನನ್ನ ಪ್ರಯೋಗಪುಟದಲ್ಲೇ ಇದೆ. ಓದಿ ನೋಡಿದ ಗೆಳತಿಯೊಬ್ಬಳು, "ಇದು ನಿಲ್ಲೂದಿಲ್ಲ, ಗಮನಾರ್ಹತೆ ಇಲ್ಲ ಅಂತ ತೆಗೆದುಹಾಕ್ತಾರ" ಅಂದಳು. ಆ ಮಾತು ಮನಸ್ಸಿಗೆ ಹತ್ತಿಬಿಟ್ಟಿದೆ. ಅದಕ್ಕೇ ಗೊತ್ತಿದ್ದವರನ್ನು ಕೇಳಿ ಮುಂದೆ ಹೋಗೋಣ ಅಂತ ಇಲ್ಲಿ ಬರೀತಿದ್ದೇನೆ. ಗುರುಗಳ ಹೆಸರು ಸದ್ಯ ಹೇಳುವುದಿಲ್ಲ. ಮನೆಯವರನ್ನು ಕೇಳಿಲ್ಲ, ಮತ್ತೆ ಹೆಸರು ಹೇಳಿದರೆ ಇಲ್ಲಿ ಅರ್ಧ ಜನ ಪರಿಚಯದ ಮೇಲೆ ಮಾತಾಡುತ್ತೀರಿ. ನನಗೆ ಬೇಕಾದ್ದು ನ್ಯಾಯವಾದ ಉತ್ತರ.

ಅವರು ಪೇಟಿ ಮಾಸ್ತರರು. ಆಮಂತ್ರಣ ಪತ್ರಿಕೆಯಲ್ಲಿ ಹಾರ್ಮೋನಿಯಂ ಅಂತ ಅಚ್ಚಾಗುತ್ತಿತ್ತು, ಆದರೆ ಧಾರವಾಡದಲ್ಲಿ ಎಲ್ಲರ ಬಾಯಲ್ಲೂ ಪೇಟಿ ಮಾಸ್ತರರೇ. ಹುಟ್ಟಿದ್ದು 1931ರಲ್ಲಿ. ಹತ್ತನೇ ವಯಸ್ಸಿಗೆ ನಾಟಕ ಕಂಪನಿ ಸೇರಿ, ಕಾಲಿನಿಂದ ತುಳಿಯುವ ಪೇಟಿಯ ಮೇಲೆ ಕೈ ಕೂರಿಸಿದವರು. ಕಾಲು ಸರಿಯಾಗಿ ಮುಟ್ಟುತ್ತಿರಲಿಲ್ಲವಂತೆ, ಸ್ಟೂಲಿನ ಅಂಚಿಗೆ ಜಾರಿ ಕೂತು ತುಳಿಯುತ್ತಿದ್ದರಂತೆ. ಕಂಪನಿ ಮುಚ್ಚಿದ ಮೇಲೆ ಧಾರವಾಡಕ್ಕೆ ಬಂದರು. ಅಲ್ಲಿಂದ ಮುಂದೆ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂದುಸ್ತಾನಿ ಸಂಗೀತದ ಖಯಾಲ್ ಗಾಯಕರಿಗೆ ಸಾಥ್ ಮಾಡಿದರು, ಅಂದರೆ ಅವರ ಹಾಡಿಗೆ ಜೊತೆಯಾಗಿ ಪೇಟಿ ಬಾರಿಸಿದರು. ಈ ಭಾಗದ ದೊಡ್ಡ ಗಾಯಕರು ಯಾರು ಯಾರು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 2019ರಲ್ಲಿ ತೀರಿಕೊಂಡರು. ನಾನು ಹನ್ನೊಂದು ವರ್ಷ ಮಂಗಳವಾರ, ಶುಕ್ರವಾರ ಸಂಜೆ ಅವರ ಹತ್ತಿರ ಕಲಿತವಳು.

ಈಗ ನನ್ನ ಹತ್ತಿರ ಏನಿದೆ ಹೇಳುತ್ತೇನೆ. ಅವರ ಕಬ್ಬಿಣದ ಟ್ರಂಕ್ ಮನೆಯವರು ನನಗೆ ಕೊಟ್ಟಿದ್ದಾರೆ. ಅದರಲ್ಲಿ 63 ಆಮಂತ್ರಣ ಪತ್ರಿಕೆಗಳಿವೆ. ಎಲ್ಲಕ್ಕಿಂತ ಹಳೆಯದು 1958ರದು, ತೆಳ್ಳನೆಯ ಗುಲಾಬಿ ಕಾಗದ. ಮಡಿಕೆ ಬಿದ್ದಲ್ಲಿ ಹರಿದಿದೆ, ಹಿಂದಿನಿಂದ ಅಂಚೆ ಚೀಟಿಯ ಅಂಟಿನ ಕಾಗದ ಹಚ್ಚಿದ್ದಾರೆ. ಗಾಯಕರ ಹೆಸರು ಹೆಬ್ಬೆರಳಿನಷ್ಟು ದಪ್ಪ ಅಕ್ಷರದಲ್ಲಿದೆ. ಕೆಳಗೆ ಸಣ್ಣಕ್ಕೆ "ತಬಲಾ", ಅದರ ಕೆಳಗೆ ಇನ್ನೂ ಸಣ್ಣಕ್ಕೆ "ಹಾರ್ಮೋನಿಯಂ". ನಮ್ಮ ಗುರುಗಳ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದೆ. ಆ ತಪ್ಪಿನ ಮೇಲೆ ನೀಲಿ ಶಾಯಿಯಲ್ಲಿ ಅವರೇ ತಿದ್ದಿದ್ದಾರೆ. ಇಪ್ಪತ್ತೇಳು ವರ್ಷದ ಹುಡುಗ ರಾತ್ರಿ ಮನೆಗೆ ಬಂದು, ಕಂದೀಲಿನ ಬೆಳಕಿನಲ್ಲಿ ತನ್ನ ಹೆಸರು ತಿದ್ದಿ ಇಟ್ಟುಕೊಂಡಿದ್ದಾನೆ. ಅದನ್ನು ನೋಡಿದ ದಿನವೇ ನಾನು ಈ ಲೇಖನ ಬರೆಯಬೇಕು ಅಂತ ಕೂತದ್ದು.

ಆಮೇಲೆ 19 ಪತ್ರಿಕಾ ತುಣುಕುಗಳು. ಎಲ್ಲವೂ ಕಚೇರಿಯ ಮರುದಿನದ ವರದಿಗಳು. ಹತ್ತೊಂಬತ್ತರಲ್ಲಿ ಹದಿನಾರರ ಕೊನೆಯ ಸಾಲು ಒಂದೇ: ತಬಲಾದಲ್ಲಿ ಇಂಥವರು, ಹಾರ್ಮೋನಿಯಂನಲ್ಲಿ ಇಂಥವರು "ಸಮರ್ಥವಾಗಿ ಸಾಥ್ ನೀಡಿದರು". ಅಷ್ಟೇ. ಮೂವತ್ತು ವರ್ಷದ ಬಾಳು ಆ ಒಂದು ಸಾಲಿನಲ್ಲಿ ಹದಿನಾರು ಸಲ ಬಂದಿದೆ. ಪ್ರಶಸ್ತಿ ಅಂತ ಹೇಳುವಂಥದ್ದು ಬಂದಿಲ್ಲ. ಶಾಲು, ಹಾರ ಸಾಕಷ್ಟು. ಅವರ ಹೆಸರಿನ ಕ್ಯಾಸೆಟ್ ಒಂದೂ ಇಲ್ಲ.

ರೆಕಾರ್ಡಿಂಗ್ ಯಾಕಿಲ್ಲ ಅನ್ನುವುದಕ್ಕೆ ಒಂದು ಕಾರಣ ಇದೆ, ಅದನ್ನು ಲೇಖನದಲ್ಲಿ ಹೇಗೆ ತರಬೇಕೋ ನನಗೆ ತಿಳಿಯುತ್ತಿಲ್ಲ. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ನಿಷೇಧಿಸಿತು. ಅದು ಪರದೇಶದ ವಾದ್ಯ, ಸ್ವರಗಳು ಕಟ್ಟಿಟ್ಟ ಹಾಗೆ ಗಟ್ಟಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್ ಬರುವುದಿಲ್ಲ, ನಮ್ಮ ಶ್ರುತಿಗೆ ಹೊಂದುವುದಿಲ್ಲ ಅನ್ನುವುದು ವಾದ. ಆ ನಿಷೇಧ ಸಡಿಲಾದದ್ದು 1971ರಲ್ಲಿ, ಅದೂ ಸಾಥಿಗೆ ಮಾತ್ರ. ಸೋಲೋ ಬಾರಿಸಲು ಆಮೇಲೂ ಎಷ್ಟೋ ವರ್ಷ ಅವಕಾಶ ಇರಲಿಲ್ಲ. ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ಕ್ಕೆ. ಆಗ ಗುರುಗಳಿಗೆ ಹದಿನೆಂಟೋ ಹತ್ತೊಂಬತ್ತೋ. ನಿಷೇಧ ಸಡಿಲಾದಾಗ ನಲವತ್ತು. ಬೆರಳು ಓಡುವ ವಯಸ್ಸೆಲ್ಲ ಅದರ ನಡುವೆ ಹೋಯಿತು. ರಾತ್ರಿ ಸಣ್ಣ ಕೂಟದ ಕಚೇರಿಯಾದ ಬೈಠಕ್‌ನಲ್ಲಿ ಯಾರಿಗೆ ಸಾಥ್ ಮಾಡುತ್ತಿದ್ದರೋ ಅದೇ ಗಾಯಕರು ಮುಂದಿನ ವಾರ ರೇಡಿಯೋದಲ್ಲಿ ಸಾರಂಗಿಯೊಂದಿಗೆ ಹಾಡುತ್ತಿದ್ದರು. ಗುರುಗಳು ಮನೆ ಎದುರಿನ ಚಹಾದಂಗಡಿ ಮುಂದೆ ನಿಂತು ಕೇಳುತ್ತಿದ್ದರಂತೆ. "ಅವರು ಮೇಲೆ ಹ್ವಾದಂಗ ನನ್ನ ಬಟ್ಟು ತೊಡೀ ಮ್ಯಾಲೆ ತಾನ ಹಿಂದ ಹಿಂದ ಹೊಕ್ಕಿದ್ವು" ಅಂತ ಒಮ್ಮೆ ತೋರಿಸಿದ್ದರು. ಎಂಬತ್ತರ ವಯಸ್ಸಿನಲ್ಲಿ, ಧೋತರದ ಮೇಲೆ, ಬಲಗೈಯ ನಾಲ್ಕು ಬೆರಳು.

ನನ್ನ ಪ್ರಶ್ನೆ ಇಷ್ಟು. ಇಂಥವರಿಗೆ ವಿಶ್ವಕೋಶದಲ್ಲಿ ಜಾಗ ಉಂಟೋ ಇಲ್ಲವೋ? ಇಲ್ಲ ಅಂದರೆ, ಯಾಕಿಲ್ಲ ಅನ್ನುವುದನ್ನು ತಿಳಿಸಿ ಹೇಳಿ. ನಾನು ಜಗಳಕ್ಕೆ ಬಂದಿಲ್ಲ.

ಕಟ್ಟೆ ಮೇಲಿನವ (ಧಾರವಾಡ) ಬರೆದದ್ದು:

ಅಕ್ಕಾರ, ನಿಮ್ಮ ಬರಹ ಎರಡು ಸಲ ಓದಿದೆ. ನಾನು ಕನ್ನಡ ವಿಕಿಪೀಡಿಯದಲ್ಲಿ ಬಹಳ ವರ್ಷದಿಂದ ಸಂಪಾದನೆ ಮಾಡುವವನು, ಅಲ್ಲಿನ ಸಂಪಾದಕರು ಸೇರಿ ಮಾತಾಡುವ ಅರಳಿ ಕಟ್ಟೆ ಪುಟದ ಚರ್ಚೆಗಳಲ್ಲೂ ಇರುತ್ತೇನೆ. ನಿಮಗೆ ಬೇಸರವಾಗಬಹುದು, ಆದರೂ ನೇರವಾಗಿ ಹೇಳುತ್ತೇನೆ: ನೀವು ಹೇಳಿದ ಸಾಮಗ್ರಿಯ ಮೇಲೆ ಇವತ್ತು ಲೇಖನ ನಿಲ್ಲುವುದಿಲ್ಲ.

"ಗಮನಾರ್ಹತೆ" ಅನ್ನುವ ಪದವೇ ತಪ್ಪು ತಿಳಿವಳಿಕೆಗೆ ದಾರಿ. ಅದು ಯೋಗ್ಯತೆಯ ಪ್ರಶ್ನೆ ಅಂತ ಎಲ್ಲರೂ ತಿಳಿಯುತ್ತಾರೆ. ನಿಮ್ಮ ಗುರುಗಳು ದೊಡ್ಡವರೋ ಸಣ್ಣವರೋ ಅಂತ ಅಲ್ಲಿ ಯಾರೂ ಅಳೆಯುವುದಿಲ್ಲ, ಅಳೆಯುವ ಅಧಿಕಾರವೂ ಯಾರಿಗೂ ಇಲ್ಲ. ಕೇಳುವುದು ಬೇರೆ: ಅವರಿಗೆ ಸಂಬಂಧವಿಲ್ಲದ ಯಾರಾದರೂ, ಸಂಪಾದಕರು ನೋಡಿ ತಿದ್ದುವ ಒಂದು ಕಡೆ, ಅವರ ಬಗ್ಗೆಯೇ ಸಾಕಷ್ಟು ವಿಸ್ತಾರವಾಗಿ ಬರೆದಿದ್ದಾರೆಯೇ? ಅಂಥದ್ದು ಒಂದೇ ಇದ್ದರೆ ಕಷ್ಟ, ಎರಡು ಮೂರು ಬೇರೆ ಬೇರೆ ಕಡೆ ಇದ್ದರೆ ಮಾತಾಡಬಹುದು. ಆಮಂತ್ರಣ ಪತ್ರಿಕೆ ಕಾರ್ಯಕ್ರಮ ಮಾಡುವವರೇ ಅಚ್ಚು ಹಾಕಿಸಿದ್ದು, ಅದನ್ನು ಸ್ವತಂತ್ರ ಮೂಲ ಅನ್ನಲಾಗದು. "ಸಮರ್ಥವಾಗಿ ಸಾಥ್ ನೀಡಿದರು" ಅನ್ನುವುದು ಹೆಸರಿನ ಪ್ರಸ್ತಾಪ ಮಾತ್ರ. ಹದಿನಾರು ಪ್ರಸ್ತಾಪ ಕೂಡಿಸಿದರೂ ಒಂದು ಪರಿಚಯ ಆಗುವುದಿಲ್ಲ.

ದೊಡ್ಡ ಗಾಯಕರಿಗೆ ಸಾಥ್ ಮಾಡಿದ್ದರು ಅನ್ನುವುದೂ ಆಧಾರ ಆಗುವುದಿಲ್ಲ. ಗಾಯಕರ ಹೆಸರು ಸಾಥಿದಾರರಿಗೆ ತಾನಾಗಿ ಹರಿದು ಬರುವುದಿಲ್ಲ.

ಸಾಥಿದಾರರು ಅಂದರೆ ಬಾಗಿಲು ಮುಚ್ಚಿದೆ ಅಂತಲೂ ಅಲ್ಲ. ನಮ್ಮ ಪಕ್ಕದ ಬೆಳಗಾವಿಯ ರಾಂಭಾವು ವಿಜಾಪುರೆ ಅವರನ್ನು ನೋಡಿ, 2010ರಲ್ಲಿ ತೀರಿಕೊಂಡರು. ಅಪ್ಪಾ ಜಳಗಾಂವಕರ ಅವರಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು. ತುಳಸೀದಾಸ ಬೋರಕರ ಅವರಿಗೆ 2016ರಲ್ಲಿ ಪದ್ಮಶ್ರೀ ಬಂತು. ಇವರೆಲ್ಲ ಪೇಟಿಯವರೇ. ಪ್ರಶಸ್ತಿಯಿಂದ ಲೇಖನ ಬಂತು ಅಂತಲ್ಲ. ಪ್ರಶಸ್ತಿ ಬಂದಾಗ ಪತ್ರಿಕೆಯವರು ಮನೆಗೆ ಹೋದರು, ಕೂತು ಮಾತಾಡಿದರು, ಅರ್ಧ ಪುಟ ಬರೆದರು. ವಿಶ್ವಕೋಶಕ್ಕೆ ಬೇಕಾದದ್ದು ಆ ಅರ್ಧ ಪುಟ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಸಂಗೀತಗಾರರಿಗೆ ಬೇರೆ ಕೆಲವು ಅಳತೆಗಳೂ ಇವೆ: ದೊಡ್ಡ ಕಂಪನಿಯಿಂದ ಎರಡು ಆಲ್ಬಂ, ಹೆಸರಾದ ಸ್ಪರ್ಧೆಯಲ್ಲಿ ಸ್ಥಾನ, ಇತ್ಯಾದಿ. ಪಾಶ್ಚಾತ್ಯ ಶಾಸ್ತ್ರೀಯದ ಪಿಯಾನೋ ವಾದಕರಿಗೆ ಈ ಅಳತೆ ಸರಿಹೋಗುತ್ತದೆ. ಅವರು ವೇದಿಕೆಗೆ ಒಬ್ಬರೇ ಬರುತ್ತಾರೆ, ವಾರ್ಸಾದ ಶೋಪೆನ್ ಸ್ಪರ್ಧೆ 1927ರಿಂದ ಇದೆ, ಮಾಸ್ಕೋದ ಚೈಕೋವ್‌ಸ್ಕಿ ಸ್ಪರ್ಧೆ 1958ರಿಂದ ಇದೆ, ಗೆದ್ದವರ ಬಗ್ಗೆ ವಿಮರ್ಶಕರು ಬರೆದೇ ಬರೆಯುತ್ತಾರೆ. ಸಾಥ್ ಮಾಡುವವರಿಗೆ ಸ್ಪರ್ಧೆ ಎಲ್ಲಿದೆ? ಈ ಅಳತೆಗೋಲು ನಮ್ಮ ಬೈಠಕ್ ನೋಡಿ ಮಾಡಿದ್ದಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಒಂದೊಂದು ಭಾಷೆಯ ವಿಕಿಪೀಡಿಯ ತನ್ನ ನಿಯಮ ತಾನೇ ಮಾಡಿಕೊಳ್ಳಬಹುದು, ಆದರೆ ಮೂಲ ಬೇಕು ಅನ್ನುವುದು ಎಲ್ಲ ಕಡೆಗೂ ಒಂದೇ.

ಒಂದು ಪರೀಕ್ಷೆ ಮಾಡಿ ನೋಡಿ. ನಿಮ್ಮ ಕರಡಿನಲ್ಲಿ ನಿಮಗೆ ನೇರವಾಗಿ ಗೊತ್ತಿರುವುದನ್ನೆಲ್ಲ ಅಳಿಸಿ. ಗುರುಗಳ ಬಾಯಿಂದ ಕೇಳಿದ್ದು, ಮನೆಯವರು ಹೇಳಿದ್ದು, ಎಲ್ಲವೂ ಹೋಗಲಿ. ಅಚ್ಚಾದ ಕಾಗದದಿಂದ ಬಂದ ವಾಕ್ಯಗಳಷ್ಟೇ ಉಳಿಯಲಿ. ಎಷ್ಟು ಉಳಿದವು ಎಣಿಸಿ. ಆ ಚಹಾದಂಗಡಿಯ ಮಾತು ನನ್ನ ಕಣ್ಣಲ್ಲಿ ನೀರು ತರಿಸಿತು, ಆದರೆ ಅದೂ ಹೋಗಬೇಕಾಗುತ್ತದೆ. ಅದು ನಿಮ್ಮ ಸ್ವಂತ ಸಂಶೋಧನೆ, ಬೇರೆ ಯಾರೂ ಅದನ್ನು ಪರಿಶೀಲಿಸಲಾರರು.

ಇನ್ನೊಂದು. ನೀವು ಶಿಷ್ಯೆ. ಮುಂದೆ ಯಾವತ್ತಾದರೂ ಲೇಖನ ಹಾಕಿದರೆ ಚರ್ಚೆಪುಟದಲ್ಲಿ ಆ ಸಂಬಂಧ ಮೊದಲೇ ಬರೆದುಬಿಡಿ. ತಪ್ಪೇನಿಲ್ಲ, ಮುಚ್ಚಿಟ್ಟರೆ ಮಾತ್ರ ತಪ್ಪು.

ಗದಗಿನ ಕೇಳುಗ ಬರೆದದ್ದು:

ಕಟ್ಟಿ ಮ್ಯಾಲಿನ ಅಣ್ಣಾವ್ರ, ನೀವು ಹೇಳಿದ್ದು ಕಾಯದೆ ಪ್ರಕಾರ ಸರಿ ಇರಬಹುದ್ರಿ. ಆದ್ರ ನನಗ ಸಮಾಧಾನ ಆಗವಲ್ದು. ಕಾಗದದಾಗ ಇಲ್ಲಂದ್ರ ಆ ಮನುಷ್ಯಾ ಬಾರಿಸಿದ್ದು ಎಲ್ಲಿ ಹೋತು?

ನಾ ಸಣ್ಣಾವಿದ್ದಾಗಿಂದ ನಮ್ಮೂರ ವೀರೇಶ್ವರ ಪುಣ್ಯಾಶ್ರಮಕ್ಕ ಹೋಗಿ ಕೇಳಿದಾಂವ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರಿಗೂ ಕಣ್ಣಿರಲಿಲ್ಲ. ಅಲ್ಲಿ ವಿದ್ಯಾ ಕಿವಿಯಿಂದ ಕಿವಿಗೆ ದಾಟಿದ್ದು. ಪುಟ್ಟರಾಜ ಅಜ್ಜಾರು ಎಷ್ಟು ವಾದ್ಯ ಬಾರಸ್ತಿದ್ರು, ಪೇಟಿನೂ ಅದರಾಗ ಒಂದು. ಅವರಿಗೆ 2010ರಾಗ ಪದ್ಮಭೂಷಣ ಬಂತು, ಬರಿಯೋರು ಬರದ್ರು. ಆದ್ರ ಅಲ್ಲಿಂದ ಕಲ್ತು ಹಳ್ಳಿಹಳ್ಳಿಗೆ ಹೋಗಿ ಪೇಟಿ ಹಿಡಕೊಂಡು ಕೂತಾವರು ನೂರಾರು ಮಂದಿ. ಅವರ ಬಗ್ಗೆ ಯಾರು ಬರದಾರ?

ಸಾಥ್ ಅಂದ್ರೇನು ಅನ್ನೂದು ವರದಿ ಬರಿಯೋರಿಗೆ ಗೊತ್ತಿದ್ರ "ಸಮರ್ಥವಾಗಿ" ಅಂತ ಒಂದ ಮಾತಿನ್ಯಾಗ ಮುಗಸ್ತಿರಲಿಲ್ಲ. ಗಾಯಕ ತಾನ (ಸ್ವರಗಳ ಜೋರಿನ ಓಟ) ಬಿಟ್ಟಾಗ ಪೇಟಿಯಾಂವ ಅರ್ಧ ಹೆಜ್ಜಿ ಹಿಂದ ಇರಬೇಕು. ಮುಂದ ಹೋದ್ರ ಗಾಯಕನ ದಾರಿ ಕೆಡತೈತಿ, ಪೂರಾ ಹಿಂದ ಉಳಿದ್ರ ಬೈಠಕ್ ಸಡಿಲ ಆಕ್ಕತಿ. ಗಾಯಕ ಉಸಿರು ತಗೊಳ್ಳೂ ಜಾಗಾದಾಗ ಪೇಟಿಗೆ ಗಾಳಿ ತುಂಬೂ ಭಾತಾ ಮೆಲ್ಲಕ ಒತ್ತಿ ಷಡ್ಜ ಹಿಡಿದು ನಿಲ್ಲಸಬೇಕು, ಆ ಉಸಿರು ಕೇಳೋರಿಗೆ ಗೊತ್ತಾಗಬಾರದು. ಪೇಟಿಯಾಗ ಮೀಂಡ್ ಇಲ್ಲ, ಖರೆ. ಅದಕ್ಕ ಛಲೋ ಪೇಟಿಯಾಂವ ಗಾಯಕ ಮೀಂಡ್ ತಗೊಂಡಾಗ ಕೈ ಎತ್ತಿಬಿಡತಾನ. ಅಕ್ಕಾರ, ನಿಮ್ಮ ಗುರುಗಳು ಯಾರಂತ ನನಗ ಅಂದಾಜು ಆಗೇತಿ, ಹೆಸರು ಬರಿಯೂದಿಲ್ಲ. ಅವರು ಕೈ ಎತ್ತೂದನ್ನ ನಾ ಮುಂದ ಕುಂತು ನೋಡೇನಿ.

ಈಗ ಕೆಲಸದ ಮಾತು. ನನ್ನ ಅಂದಾಜು ಸರಿ ಇದ್ರ, ನಮ್ಮ ಮನ್ಯಾಗ ಒಂದು ಸ್ಮರಣ ಸಂಚಿಕೆ ಐತಿ. ಎಂಬತ್ತರ ದಶಕದ್ದು. ಅದರಾಗ ನಿಮ್ಮ ಗುರುಗಳ ಮ್ಯಾಲೆ ಒಂದೂವರಿ ಪುಟ ಲೇಖನ ಐತಿ, ಫೋಟೋ ಸಹಿತ. ಬರದಾಂವ ಸಂಗೀತಗಾರ ಅಲ್ಲ, ಶಿಷ್ಯನೂ ಅಲ್ಲ, ಕಾಲೇಜಿನ್ಯಾಗ ಕನ್ನಡ ಕಲಸಾಂವ. ಅಟ್ಟದ ಮ್ಯಾಲೆ ಗಂಟಿನ್ಯಾಗ ಐತಿ, ಇಳಸಬೇಕು.

ಹಾವೇರಿ ಗ್ರಂಥಪಾಲಕಿ ಬರೆದದ್ದು:

ಗದಗಿನವರ ಸಂಚಿಕೆ ನಿಜವಾಗಿ ಸಿಕ್ಕರೆ ಅದು ಒಳ್ಳೆಯ ಆರಂಭ. ಆದರೆ ಸಂಚಿಕೆ ತಂದವರು ಯಾರು ನೋಡಿ. ಗುರುಗಳ ಸನ್ಮಾನಕ್ಕೆಂದೇ ತಂದದ್ದಾದರೆ ತೂಕ ಕಡಿಮೆ, ಬೇರೆ ಸಂದರ್ಭಕ್ಕೆ ತಂದು ಅದರಲ್ಲಿ ಇವರ ಮೇಲೆ ಲೇಖನ ಇದ್ದರೆ ತೂಕ ಹೆಚ್ಚು.

ಹುಡುಕಲು ಇನ್ನೆರಡು ಜಾಗ ಹೇಳುತ್ತೇನೆ. ಗಾಯಕರ ಅಭಿನಂದನ ಗ್ರಂಥಗಳನ್ನು ತೆಗೆಯಿರಿ. ಸಾಥಿದಾರರ ಬಗ್ಗೆ ಬರಹ ಇದ್ದರೆ ಅದು ಸಾಮಾನ್ಯವಾಗಿ ಹಿಂದಿನ ಭಾಗದಲ್ಲಿ ಇರುತ್ತದೆ, ಹೆಸರಿನ ಸೂಚಿ ಇರುವುದಿಲ್ಲ, ಪುಟ ತಿರುವಲೇಬೇಕು. ಹಳೆಯ ವಾರಪತ್ರಿಕೆ, ಮಾಸಪತ್ರಿಕೆಗಳ ಬೌಂಡ್ ಸಂಪುಟ ನೋಡಿ. ದಿನಪತ್ರಿಕೆಯಲ್ಲಿ ಒಂದು ಸಾಲು ಬಂದವರಿಗೆ ವಾರಪತ್ರಿಕೆಯಲ್ಲಿ ಒಂದು ಪುಟ ಬಂದಿದ್ದನ್ನು ನಾನು ಕಂಡಿದ್ದೇನೆ.

ಬಾಯಿಮಾತಿನ ಬಗ್ಗೆ ಒಂದು ಮಾತು. 2011ರಲ್ಲಿ ವಿಕಿಮೀಡಿಯ ಪ್ರತಿಷ್ಠಾನದ ನೆರವಿನಿಂದ ಅಚಲ್ ಪ್ರಭಾಲ ಅವರು ಇದೇ ಪ್ರಶ್ನೆ ಎತ್ತಿಕೊಂಡು ಒಂದು ಪ್ರಯೋಗ ಮಾಡಿದ್ದರು. ಮಲಯಾಳಂ, ಹಿಂದಿ, ದಕ್ಷಿಣ ಆಫ್ರಿಕಾದ ಸೆಪೆಡಿ ಭಾಷೆಗಳಲ್ಲಿ, ಅಚ್ಚಾಗದ ತಿಳಿವಳಿಕೆಯನ್ನು ಜನರ ಬಾಯಿಂದ ಧ್ವನಿಮುದ್ರಿಸಿ ಅದನ್ನೇ ಉಲ್ಲೇಖವಾಗಿ ಕೊಡುವ ಪ್ರಯೋಗ. ಅದು ಎಲ್ಲ ಕಡೆ ಒಪ್ಪಿತವಾದ ನಿಯಮ ಆಗಲಿಲ್ಲ. ಆದರೂ ಗುರುಗಳೊಂದಿಗೆ ಕೂತು ಬಾರಿಸಿದ ತಬಲಾದವರು, ಮುಂದಿನ ಸಾಲಿನಲ್ಲಿ ಕೂತು ಕೇಳಿದವರು ಇನ್ನೂ ಇದ್ದರೆ ಈಗಲೇ ಮಾತಾಡಿಸಿ ಧ್ವನಿಮುದ್ರಿಸಿಕೊಳ್ಳಿ. ವಿಶ್ವಕೋಶ ಅದನ್ನು ತೆಗೆದುಕೊಳ್ಳದಿದ್ದರೂ ನಾಳೆ ಪತ್ರಿಕೆಯವರೊಬ್ಬರು ಬರೆಯಲು ಕೂತರೆ ಕೈಗೆ ಕೊಡಲು ಏನಾದರೂ ಬೇಕಲ್ಲ.

ಟ್ರಂಕಿನಲ್ಲಿ ಫೋಟೋಗಳಿದ್ದರೆ ತೆಗೆದವರು ಯಾರು ಅಂತ ಹಿಂಬದಿ ನೋಡಿ, ಸ್ಟುಡಿಯೋ ಮುದ್ರೆ ಇರುತ್ತದೆ. ಫೋಟೋ ನಿಮ್ಮ ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ನಿಮ್ಮದಾಗುವುದಿಲ್ಲ, ಅಪ್ಲೋಡ್ ಮಾಡುವ ಮೊದಲು ಅನುಮತಿ ಬೇಕು.

ಬಿಳಿ ಐದು (ಹುಬ್ಬಳ್ಳಿ) ಬರೆದದ್ದು:

ಮೂವರಿಗೂ ಕೈಮುಗಿಯುತ್ತೇನೆ. ನಾಲ್ಕು ದಿನ ಉತ್ತರ ಬರೆಯಲಿಲ್ಲ, ಕ್ಷಮಿಸಿ. ಕಟ್ಟೆ ಮೇಲಿನ ಸರ್ ಹೇಳಿದ ಪರೀಕ್ಷೆ ಮಾಡಲು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾಯಿತು.

ನನ್ನ ಕರಡಿನಲ್ಲಿ 112 ವಾಕ್ಯಗಳಿದ್ದವು. ಅಳಿಸುತ್ತಾ ಹೋದೆ. ನಾಟಕ ಕಂಪನಿಯ ಸ್ಟೂಲು ಹೋಯಿತು. ರೀಡ್ ಬೇಸೂರ ಆದಾಗ ತಾವೇ ಪೇಟಿ ಬಿಚ್ಚಿ, ಹಿತ್ತಾಳೆಯ ನಾಲಿಗೆಯ ತುದಿಯನ್ನು ಸಣ್ಣ ಅರದಿಂದ ಎರಡೇ ಸಲ ಉಜ್ಜಿ ಸ್ವರ ಏರಿಸುತ್ತಿದ್ದದ್ದು, ಇಳಿಸಬೇಕಾದರೆ ಬುಡದ ಕಡೆ ಉಜ್ಜುತ್ತಿದ್ದದ್ದು, ಪ್ರತಿ ಸಲ ಉಜ್ಜಿದ ಮೇಲೆ ಕಣ್ಣು ಮುಚ್ಚಿ ತಂಬೂರಿಯ ಹತ್ತಿರ ಕಿವಿ ಒಯ್ಯುತ್ತಿದ್ದದ್ದು, ಅದೂ ಹೋಯಿತು. ನನ್ನ ಬಲಗೈ ಮೇಲೆ ಅವರ ಕೈ ಇಟ್ಟು ಯಮನದ ತೀವ್ರ ಮಧ್ಯಮ ಒತ್ತಿಸಿದ್ದು ಮೊದಲೇ ಹಾಕಿರಲಿಲ್ಲ. ಕೊನೆಗೆ ಉಳಿದದ್ದು ಏಳು ವಾಕ್ಯ. ಇಂಥ ವರ್ಷ ಇಂಥ ಊರಲ್ಲಿ ಸಾಥ್ ನೀಡಿದರು, ಇಂಥ ವರ್ಷ ಸನ್ಮಾನ ಆಯಿತು. ಆ ಏಳು ವಾಕ್ಯ ಓದಿದರೆ ಅದು ಯಾರ ಬಗ್ಗೆ ಬೇಕಾದರೂ ಆಗಬಹುದು. ಅವರು ಅದರಲ್ಲಿ ಇಲ್ಲವೇ ಇಲ್ಲ. ಆಗ ನನಗೆ ಸರ್ ಹೇಳಿದ್ದು ಅರ್ಥವಾಯಿತು. ಈಗ ಪ್ರಕಟಿಸಿದರೆ ನಾನು ಹಾಕುವುದು ಅವರ ಹೆಸರನ್ನು ಮಾತ್ರ, ಆಮಂತ್ರಣ ಪತ್ರಿಕೆಯ ಕೊನೆಯ ಸಾಲಿನ ಹಾಗೆ.

ಹಾಗಾಗಿ ಲೇಖನ ಸದ್ಯಕ್ಕೆ ಹಾಕುವುದಿಲ್ಲ.

ಆದರೆ ಕೈ ಕಟ್ಟಿ ಕೂರುವುದೂ ಇಲ್ಲ. ರೇಡಿಯೋ ನಿಷೇಧದ ವಿಷಯಕ್ಕೆ ಅಚ್ಚಾದ ಮೂಲಗಳಿವೆ. ಕನ್ನಡದಲ್ಲಿ ಅದನ್ನು ವಿವರವಾಗಿ ಬರೆಯುತ್ತೇನೆ, ಹಾರ್ಮೋನಿಯಂ ಲೇಖನದಲ್ಲಿ, ಉಲ್ಲೇಖ ಸಮೇತ. 1940ರಿಂದ 1971ರವರೆಗೆ ರೇಡಿಯೋದಲ್ಲಿ ಸಾಥ್ ಮಾಡಲಾಗದೆ ಹೋದ ಒಂದು ಇಡೀ ತಲೆಮಾರಿನ ಕಥೆ ಅದು. ಅದರಲ್ಲಿ ಗುರುಗಳ ಹೆಸರು ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಯಾವತ್ತೋ ಅವರ ಲೇಖನ ಬಂದರೆ, "ಯಾಕೆ ರೆಕಾರ್ಡಿಂಗ್ ಇಲ್ಲ" ಅಂತ ಕೇಳಿದವರಿಗೆ ಅಲ್ಲಿಂದ ಒಂದು ಕೊಂಡಿ ಕೊಡಬಹುದು.

ಹಾವೇರಿ ಅಕ್ಕಾರ, ನಿಮ್ಮ ಮಾತಿನಂತೆ ನಿನ್ನೆಯೇ ಗುರುಗಳ ಜೊತೆ ಇಪ್ಪತ್ತು ವರ್ಷ ತಬಲಾ ಬಾರಿಸಿದ ಹಿರಿಯರ ಮನೆಗೆ ಫೋನ್ ಮಾಡಿದೆ. ಅವರಿಗೆ ಈಗ 86. ಕಿವಿ ಸ್ವಲ್ಪ ಮಂದ, ಆದರೆ "ಬಾರವ್ವಾ, ಮುಂಜಾನೆ ಬಾ, ಮುಂಜಾನೆ ನೆನಪು ಛಲೋ ಇರತೈತಿ" ಅಂದರು. ಮುಂದಿನ ವಾರ ಹೋಗುತ್ತೇನೆ. ಫೋಟೋಗಳ ಹಿಂಬದಿಯನ್ನೂ ನೋಡಿದೆ. ಹನ್ನೊಂದರಲ್ಲಿ ನಾಲ್ಕಕ್ಕೆ ಮಾತ್ರ ಮುದ್ರೆ ಇದೆ.

ಗದಗಿನ ಅಣ್ಣಾವ್ರ, ನಿಮ್ಮ ಅಂದಾಜು ಸರಿ ಅಂತ ಆ ಕೈ ಎತ್ತುವ ಮಾತಿನಲ್ಲೇ ನನಗೆ ಗೊತ್ತಾಯಿತು. ಅದನ್ನು ನೋಡಿದ ಇನ್ನೊಬ್ಬರು ಇದ್ದಾರಲ್ಲ ಅಂತ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಿಮಗೆ ತ್ರಾಸ ಇಲ್ಲಂದ್ರ ಈ ಐತವಾರ ಮುಂಜಾನಿ ಗಾಡಿಗೆ ಗದಗಕ್ಕ ಬರ್ತೇನಿ. ಅಟ್ಟದ ಗಂಟು ನೀವು ಒಬ್ಬರ ಇಳಸಬ್ಯಾಡ್ರಿ, ನನ್ನ ತಮ್ಮ ಜೋಡಿ ಬರ್ತಾನ. ಲೇಖನದ ಒಂದೂವರಿ ಪುಟದ ಜೋಡಿ ಸಂಚಿಕೆಯ ಮೊದಲನೇ ಪುಟ, ಸಂಪಾದಕರ ಹೆಸರು, ಮುದ್ರಣಾಲಯ, ವರ್ಷ ಎಲ್ಲಾ ಕಾಣೂ ಹಂಗ ಫೋಟೋ ತಕ್ಕೋತೇನಿ. ಊಟದ ಚಿಂತಿ ಬ್ಯಾಡ್ರಿ, ರೊಟ್ಟಿ ಬುತ್ತಿ ನಾನ ತರ್ತೇನಿ.